ಪಂಚಾಯತಿನಿಂದ ‘ಅರಿಯಿಪ್ಪು’ ಬಂದಿದೆ: ಲಾಕ್‌ಡೌನ್ ಪ್ರಕಟಣೆಯನ್ನು ಓದುವುದು ಹೇಗೆ?

2021ರ ಆಗಸ್ಟ್, ಕೋವಿಡ್ ಕಾಲ. ಒಂದು ಬುಧವಾರ ರಾತ್ರಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ವಾರ್ಡಿನ ವಾಟ್ಸಾಪ್ ಗುಂಪಿಗೆ ಪಂಚಾಯತಿನ ‘ಅರಿಯಿಪ್ಪು’, ಅಂದರೆ ಪ್ರಕಟಣೆ ಬಂತು. ಒಂದೂವರೆ ಪುಟ, ಪೂರ್ತಿ ಮಲಯಾಳದಲ್ಲಿ. ಮರುದಿನ ಬೆಳಗ್ಗೆ ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದು ನಿಂತರು. "ಪುನಃ ಬಂದ್ ಉಂಟಾ? ಸೊಸೈಟಿಗೆ ಹಾಲು ಕೊಂಡುಹೋಗಬಹುದಾ?" ಅವರ ಮೊಮ್ಮಗ ಅದನ್ನು ಓದಿ ಹೇಳಿದ್ದ. ಆದರೆ ಅವನಿಗೂ ಅರ್ಥವಾದದ್ದು ಕೆಲವು ಅಂಕಿ ಮಾತ್ರ. ಅದರ ಮೊನ್ನೆವರೆಗೆ ‘ಟಿಪಿಆರ್’ ಎಂಬ ಅಂಕಿ ಇತ್ತು, ಆಗ ‘ಡಬ್ಲ್ಯುಐಪಿಆರ್’ ಎಂಬ ಅಂಕಿ ಬಂದಿತ್ತು. ಮೊದಲು ಎ, ಬಿ, ಸಿ, ಡಿ ಎಂಬ ವಿಭಾಗ ಇತ್ತು, ಆಗ ಅದು ಕಾಣುತ್ತಲೇ ಇರಲಿಲ್ಲ.

ಅಜ್ಜಿಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಪೈವಳಿಕೆಯಿಂದ ಬೆಳ್ಳೂರಿನವರೆಗೆ, ಮಂಜೇಶ್ವರದಿಂದ ಕಾರಡ್ಕದವರೆಗೆ ಅವರಂಥವರು ಎಷ್ಟೋ ಮಂದಿ ಇದ್ದಾರೆ. ಆ ವರ್ಷ ಆಗಸ್ಟ್ 5ರಿಂದ ನಿಯಮ ಬದಲಾದ ಮೇಲೆ ಮಲಯಾಳ ಓದಬಲ್ಲವರೂ ತಡವರಿಸುತ್ತಿದ್ದರು. ಹಾಗಾಗಿ ಈ ಪ್ರಕಟಣೆಯನ್ನು ಬುಡದಿಂದ ಬಿಡಿಸಿ ನೋಡೋಣ.

ಹೇಳುವವರು ಪಂಚಾಯತಿನವರು, ಆದೇಶ ಬೇರೆಯವರದ್ದು

ಒಂದು ವಿಷಯ ಮೊದಲೇ ತಿಳಿದಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಲಾಕ್‌ಡೌನ್ ಹಾಕುವುದು ಪಂಚಾಯತು ಅಲ್ಲ.

ಇಡೀ ರಾಜ್ಯದ ನಿಯಮ ತಿರುವನಂತಪುರದಿಂದ ಬರುತ್ತಿತ್ತು. ಅದರ ಹಿಂದೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇತ್ತು. ಅದೇ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಕಲೆಕ್ಟರ್ ಅದರ ಅಧ್ಯಕ್ಷರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ-ಅಧ್ಯಕ್ಷರು. ಯಾವ ಪಂಚಾಯತಿನಲ್ಲಿ ಬಿಗಿ ಜಾಸ್ತಿ, ಯಾವ ರಸ್ತೆ ಬಂದ್ ಎಂಬ ಆದೇಶ ಅಲ್ಲಿಂದ ಬರುತ್ತಿತ್ತು. ಅದನ್ನು ಜನ ಪಾಲಿಸುತ್ತಾರಾ ಎಂದು ನೋಡುತ್ತಿದ್ದವರು ಪೊಲೀಸರು ಮತ್ತು ಸೆಕ್ಟೋರಲ್ ಮ್ಯಾಜಿಸ್ಟ್ರೇಟರು.

ಪಂಚಾಯತಿನದ್ದು ಬಸ್ಸಿನ ಕಂಡಕ್ಟರನ ಕೆಲಸ. ರೂಟು ಬದಲಾಯಿಸಲು ಕಂಡಕ್ಟರನಿಗೆ ಆಗುವುದಿಲ್ಲ, ಟೈಮಿಂಗ್ ಬದಲಾಯಿಸಲೂ ಆಗುವುದಿಲ್ಲ. ಆದರೆ ಎಲ್ಲಿ ಇಳಿಯಬೇಕು, ಯಾವ ಸೀಟು ಖಾಲಿ ಇದೆ, ವಯಸ್ಸಾದವರಿಗೆ ಯಾರು ಜಾಗ ಬಿಟ್ಟುಕೊಡಬೇಕು, ಇದೆಲ್ಲ ಅವನಿಗೇ ಗೊತ್ತು. "ಅಂಗಡಿ ಯಾಕೆ ಮುಚ್ಚಿಸಿದಿರಿ" ಎಂದು ವಾರ್ಡ್ ಮೆಂಬರಿನ ಹತ್ತಿರ ಜಗಳಕ್ಕೆ ನಿಂತರೆ ಪಾಪ, ಅವರಿಂದ ಏನೂ ಆಗದು. "ನಮ್ಮ ಮನೆಯಲ್ಲಿ ಎಲ್ಲರಿಗೂ ಪಾಸಿಟಿವ್, ಮದ್ದು ತರಲು ಯಾರೂ ಇಲ್ಲ" ಎಂದರೆ ಮಾತ್ರ ಅದು ನೂರಕ್ಕೆ ನೂರು ಅವರ ಕೆಲಸ.

ಆ ಕೆಲಸ ಮಾಡಲು ಪ್ರತಿ ವಾರ್ಡಿನಲ್ಲೂ ಜಾಗ್ರತಾ ಸಮಿತಿ ಇತ್ತು. ಅದರಲ್ಲಿ ವಾರ್ಡ್ ಮೆಂಬರ್, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕುಟುಂಬಶ್ರೀ ಮಹಿಳಾ ಸಂಘದವರು, ಆರೋಗ್ಯ ಇಲಾಖೆಯವರು ಇದ್ದರು. ಪ್ರಕಟಣೆಯಲ್ಲಿ ಕಾಣುವ ‘ಆರ್‌ಆರ್‌ಟಿ’ ಎಂದರೆ ಕರೆದ ಕೂಡಲೇ ಓಡಿ ಬರುವ ಸ್ವಯಂಸೇವಕರ ತಂಡ. ಹೆಚ್ಚಿನ ಕಡೆ ಅವರು ನಮ್ಮ ಊರಿನ ಹುಡುಗರೇ.

ಟಿಪಿಆರ್: ಹೆಕ್ಕಿ ನೋಡಿದ್ದರಲ್ಲಿ ಎಷ್ಟು ಕೊಳೆತಿದೆ?

ಈಗ ಅಂಕಿಗಳಿಗೆ ಬರೋಣ. ಆಟಿ ತಿಂಗಳ ಮಳೆ ಬಿದ್ದು ಅಡಿಕೆ ತೋಟದಲ್ಲಿ ಕೊಳೆರೋಗದ ಹೆದರಿಕೆ ಇದ್ದ ಹೊತ್ತು ಅದು. ಹಾಗಾಗಿ ತೋಟದ ಲೆಕ್ಕದಲ್ಲೇ ಹೇಳುತ್ತೇನೆ.

ತೋಟದಲ್ಲಿ ನೀವು ನೂರು ಅಡಿಕೆ ಹೆಕ್ಕಿದಿರಿ. ಅದರಲ್ಲಿ ಹನ್ನೆರಡಕ್ಕೆ ಕೊಳೆ ಹಿಡಿದಿದೆ. ಅಂದರೆ ನೂರಕ್ಕೆ 12. ಟಿಪಿಆರ್ (ಟೆಸ್ಟ್ ಪಾಸಿಟಿವಿಟಿ ರೇಟ್) ಅಂದರೆ ಇಷ್ಟೇ: ನೂರು ಜನರ ಪರೀಕ್ಷೆ ಮಾಡಿದರೆ ಎಷ್ಟು ಮಂದಿಗೆ ಪಾಸಿಟಿವ್ ಬಂತು ಎಂಬ ಲೆಕ್ಕ.

ಇದರಲ್ಲಿ ಒಂದು ತೊಡಕು ಇದೆ. ಕೊಳೆ ಬಂದ ಮರದ ಬುಡದಲ್ಲೇ ಹೆಕ್ಕಿದರೆ ನೂರಕ್ಕೆ 40 ಬರಬಹುದು. ಚೆನ್ನಾಗಿರುವ ಮೂಲೆಯಲ್ಲಿ ಹೆಕ್ಕಿದರೆ ನೂರಕ್ಕೆ 2 ಬರಬಹುದು. ತೋಟ ಒಂದೇ, ಅಂಕಿ ಎರಡು. ಊರಿನಲ್ಲೂ ಹಾಗೆಯೇ. ಜ್ವರ ಬಂದವರು ಮಾತ್ರ ಪರೀಕ್ಷೆಗೆ ಹೋದರೆ ಟಿಪಿಆರ್ ಮೇಲೇರುತ್ತದೆ. ಏನೂ ಆಗದವರೂ ಕ್ಯಾಂಪಿಗೆ ಹೋಗಿ ಸಾಲು ನಿಂತರೆ ಕೆಳಗಿಳಿಯುತ್ತದೆ.

ಕೇರಳ ಸರ್ಕಾರ 2021ರ ಜೂನ್ 17ರಿಂದ ಪಂಚಾಯತುಗಳನ್ನು ಈ ಟಿಪಿಆರ್ ನೋಡಿಯೇ ನಾಲ್ಕು ವಿಭಾಗ ಮಾಡಿತು. 8ಕ್ಕಿಂತ ಕಡಿಮೆ ಇದ್ದರೆ ಎ, 20ರವರೆಗೆ ಬಿ, 30ರವರೆಗೆ ಸಿ, ಅದಕ್ಕಿಂತ ಜಾಸ್ತಿ ಇದ್ದರೆ ಡಿ. ಆಮೇಲೆ ಆ ಗೆರೆಗಳನ್ನು ಕೆಳಗೆ ತಂದರು. ಜುಲೈ ಎರಡನೇ ವಾರದ ಹೊತ್ತಿಗೆ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಎ, 10ರವರೆಗೆ ಬಿ, 15ರವರೆಗೆ ಸಿ, 15 ದಾಟಿದರೆ ಡಿ.

ಇಲ್ಲಿ ತುಂಬ ಜನ ಎಡವಿದರು. ಒಂದು ಪಂಚಾಯತಿನ ಟಿಪಿಆರ್ ಜೂನಿನಲ್ಲಿ 14 ಇತ್ತು, ಜುಲೈಯಲ್ಲೂ 14 ಇತ್ತು ಅಂತ ಇಟ್ಟುಕೊಳ್ಳಿ. ಜೂನಿನಲ್ಲಿ ಅದು ಬಿ. ಜುಲೈಯಲ್ಲಿ ಸಿ. ನಮ್ಮಲ್ಲಿ ರೋಗ ಜಾಸ್ತಿ ಆಯಿತು ಎಂದು ಹೆದರಿದವರು ಇದ್ದಾರೆ. ನಿಜವಾಗಿ ರೋಗದ ಅಂಕಿ ಅಲ್ಲೇ ಇತ್ತು, ಗೆರೆ ಕೆಳಗೆ ಬಂದಿತ್ತು. ಆದ್ದರಿಂದ ಪ್ರಕಟಣೆಯಲ್ಲಿ ವಿಭಾಗದ ಅಕ್ಷರ ಮಾತ್ರ ನೋಡಿದರೆ ಸಾಲದು. ಅಂಕಿ ಎಷ್ಟು, ಗೆರೆ ಎಲ್ಲಿ, ಎರಡನ್ನೂ ನೋಡಬೇಕು.

ಡಬ್ಲ್ಯುಐಪಿಆರ್: ಇಡೀ ತೋಟದಲ್ಲಿ ಈ ವಾರ ಎಷ್ಟು ಮರಕ್ಕೆ ಬಂತು?

ಆಗಸ್ಟ್ 5ರಿಂದ ಎ, ಬಿ, ಸಿ, ಡಿ ಹೋಯಿತು. ಲೆಕ್ಕ ಬದಲಾಯಿತು. ಅದೇ ಡಬ್ಲ್ಯುಐಪಿಆರ್, ಅಂದರೆ ವೀಕ್ಲಿ ಇನ್ಫೆಕ್ಷನ್ ಪಾಪ್ಯುಲೇಶನ್ ರೇಶಿಯೊ. ಹೆಸರು ಬಾಯಿಗೆ ಕಷ್ಟ, ಲೆಕ್ಕ ಮಾತ್ರ ಸುಲಭ. ತೋಟದಲ್ಲಿ ಒಟ್ಟು ಸಾವಿರ ಮರ ಇದ್ದರೆ, ಈ ಒಂದು ವಾರದಲ್ಲಿ ಹೊಸದಾಗಿ ಎಷ್ಟು ಮರಕ್ಕೆ ಕೊಳೆ ಬಂತು? ಎಷ್ಟು ಹೆಕ್ಕಿ ನೋಡಿದಿರಿ ಎಂಬುದನ್ನು ಇಲ್ಲಿ ಕೇಳುವುದಿಲ್ಲ.

ವಾರದಲ್ಲಿ ಬಂದ ಹೊಸ ರೋಗಿಗಳ ಸಂಖ್ಯೆಯನ್ನು 1000ದಿಂದ ಗುಣಿಸಿ, ಪಂಚಾಯತಿನ ಜನಸಂಖ್ಯೆಯಿಂದ ಭಾಗಿಸಿ. ಬಂದ ಅಂಕಿ 10 ದಾಟಿದರೆ ಆ ಪಂಚಾಯತಿನಲ್ಲಿ ಆಗ ಟ್ರಿಪಲ್ ಲಾಕ್‌ಡೌನ್ ಬರುತ್ತಿತ್ತು. ನಗರಸಭೆಯಾದರೆ ಇಡೀ ಊರಿಗೆ ಒಂದೇ ಲೆಕ್ಕ ಅಲ್ಲ, ವಾರ್ಡಿಗೆ ಒಂದರಂತೆ ಇತ್ತು.

ಒಂದು ಉದಾಹರಣೆ. 12,000 ಜನ ಇರುವ ಒಂದು ಪಂಚಾಯತು, 48,000 ಜನ ಇರುವ ಇನ್ನೊಂದು. ಎರಡರಲ್ಲೂ ಈ ವಾರ 125 ಹೊಸ ರೋಗಿಗಳು. ಚಿಕ್ಕದರಲ್ಲಿ ಅಂಕಿ 10.4, ಅದು ಬಂದ್. ದೊಡ್ಡದರಲ್ಲಿ 2.6, ಅಲ್ಲಿ ಅಂಗಡಿ ತೆರೆದಿರುತ್ತದೆ. "ಅವರಲ್ಲೂ ಅಷ್ಟೇ ರೋಗಿಗಳು, ನಮಗೆ ಮಾತ್ರ ಯಾಕೆ ಶಿಕ್ಷೆ?" ಎಂದು ಚಿಕ್ಕ ಪಂಚಾಯತಿನವರು ಕೇಳುವುದು ಸಹಜ. ಉತ್ತರ ಈ ಭಾಗಾಕಾರದಲ್ಲಿ ಇದೆ. ಚಿಕ್ಕ ಊರಿನಲ್ಲಿ 125 ಅಂದರೆ ಸೋಂಕು ಮನೆ ಮನೆಗೆ ಮುಟ್ಟುತ್ತಾ ಇದೆ ಎಂದು ಅರ್ಥ.

ಈ ಲೆಕ್ಕವೂ ಪೂರ್ತಿ ಸರಿ ಅಂತ ಹೇಳಲಾಗದು. ಪರೀಕ್ಷೆಗೇ ಹೋಗದಿದ್ದರೆ ರೋಗಿಗಳು ಲೆಕ್ಕಕ್ಕೆ ಸಿಗುವುದಿಲ್ಲ, ಅಂಕಿ ಸುಮ್ನೆ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಜ್ವರ, ಕೆಮ್ಮು, ವಾಸನೆ ಹೋದದ್ದು ಯಾವುದೇ ಇದ್ದರೂ "ಪಂಚಾಯತು ಬಂದ್ ಆದೀತು" ಎಂದು ಅಡಗಿಸಿಡಬಾರದಾಗಿತ್ತು. ಮನೆಯೊಳಗೆ ಅಡಗಿಸಿಟ್ಟದ್ದು ಮನೆಯ ಹಿರಿಯರಿಗೆ ಮುಟ್ಟಬಹುದು.

ಆಗ ಇದ್ದ 10 ಎಂಬ ಮಿತಿ ಮುಂದೆ ಕೆಳಗೆ ಬರಬಹುದಿತ್ತು, ಮೇಲೆ ಹೋಗಬಹುದಿತ್ತು. ಲೆಕ್ಕ ಮಾಡುವ ರೀತಿ ಗೊತ್ತಿದ್ದರೆ ಮಿತಿ ಎಷ್ಟಾದರೂ ನೀವೇ ನೋಡಿಕೊಳ್ಳಬಹುದು.

ಒಟ್ಟು, ಗುಣವಾದವರು, ಈಗ ಇರುವವರು

ಪ್ರಕಟಣೆಯಲ್ಲಿ ಮೂರು ಸಂಖ್ಯೆ ಒಟ್ಟಿಗೆ ಇರುತ್ತಿತ್ತು. ಮದುವೆ ಮನೆಯ ಲೆಕ್ಕ ಹಾಕಿ. ಬೆಳಗ್ಗಿನಿಂದ ಬಂದವರೆಲ್ಲ ‘ಒಟ್ಟು’. ಊಟ ಮುಗಿಸಿ ಹೋದವರು ‘ರೋಗಮುಕ್ತಿ’ ಆದವರು. ಈಗ ಚಪ್ಪರದಲ್ಲಿ ಕೂತವರು ‘ಆಕ್ಟಿವ್’. ಒಟ್ಟು ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ, ಅದನ್ನು ನೋಡಿ ಹೆದರಬೇಕಾಗಿಲ್ಲ. ನೋಡಬೇಕಾದದ್ದು ಆಕ್ಟಿವ್ ಎಷ್ಟು, ಅದು ಕಳೆದ ವಾರಕ್ಕಿಂತ ಏರಿದೆಯಾ ಇಳಿದಿದೆಯಾ ಎಂದು. ತೀರಿಕೊಂಡವರ ಸಂಖ್ಯೆ ಬೇರೆಯೇ ಇರುತ್ತಿತ್ತು. ಆ ಸಾಲಿಗೆ ಯಾವ ಹೋಲಿಕೆಯೂ ಬೇಡ.

ಟ್ರಿಪಲ್ ಲಾಕ್‌ಡೌನ್: ಮೂರು ಬೀಗ

ಈ ಮಾತು ಜನರ ಬಾಯಿಗೆ ಬಂದದ್ದೇ ನಮ್ಮ ಜಿಲ್ಲೆಯಿಂದ. 2020ರ ಮಾರ್ಚಿನಲ್ಲಿ ಕೇರಳದಲ್ಲಿ ಅತಿ ಹೆಚ್ಚು ರೋಗಿಗಳು ಇದ್ದ ಜಿಲ್ಲೆಗಳಲ್ಲಿ ಕಾಸರಗೋಡು ಮುಂದೆ ಇತ್ತು. ದೇಶದ ಲಾಕ್‌ಡೌನ್ ಮಾರ್ಚ್ 25ಕ್ಕೆ ಶುರುವಾಗುವ ಮೊದಲೇ ಇಲ್ಲಿ ಬಾಗಿಲು ಮುಚ್ಚಿತ್ತು. ಆಗ ಪೊಲೀಸರು ಮೂರು ಸುತ್ತು ಬೀಗ ಹಾಕಿದರು.

ಮೊದಲ ಬೀಗ ಇಡೀ ಜಿಲ್ಲೆಗೆ: ಕಾರಣ ಇಲ್ಲದೆ ಯಾರೂ ಹೊರಗೆ ಬರುವಂತಿಲ್ಲ. ಎರಡನೆಯದು ರೋಗಿಗಳು ಜಾಸ್ತಿ ಇರುವ ಪ್ರದೇಶಕ್ಕೆ: ಅಲ್ಲಿಂದ ಹೊರಗೂ ಇಲ್ಲ, ಅಲ್ಲಿಗೆ ಒಳಗೂ ಇಲ್ಲ. ಮೂರನೆಯದು ರೋಗಿಗಳ ಮತ್ತು ಅವರ ಹತ್ತಿರ ಬಂದವರ ಮನೆಗೆ: ಬೇಕಾದ ಸಾಮಾನು ಮನೆ ಬಾಗಿಲಿಗೇ ಬರುತ್ತದೆ. ತೆಂಗಿನಕಾಯಿಯ ಸಿಪ್ಪೆ, ನಾರು, ಗೆರಟೆ ಇದ್ದ ಹಾಗೆ, ಒಳಗೆ ಹೋದಷ್ಟೂ ಬಿಗಿ.

2021ರ ಆಗಸ್ಟಿನ ಪ್ರಕಟಣೆಯಲ್ಲಿ ಟ್ರಿಪಲ್ ಲಾಕ್‌ಡೌನ್ ಅಂದರೆ ನಿಮ್ಮ ಪಂಚಾಯತಿನಲ್ಲಿ ಅವಶ್ಯ ಸಾಮಾನಿನ ಅಂಗಡಿ, ಮದ್ದಿನ ಅಂಗಡಿ, ಆಸ್ಪತ್ರೆ ಇಂಥವು ಮಾತ್ರ ತೆರೆದಿರುತ್ತಿದ್ದವು. ಅದು ಇಲ್ಲದ ಕಡೆ ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ಅಂಗಡಿ ಇರುತ್ತಿತ್ತು, ಭಾನುವಾರ ಬಂದ್. ಸ್ವಾತಂತ್ರ್ಯ ದಿನವೂ ಓಣಂ ಮರುದಿನವೂ ಆ ಸಲ ಭಾನುವಾರವೇ ಬಂದವು. ಆ ಎರಡು ದಿನಕ್ಕೆ ಬಂದ್ ಇರಲಿಲ್ಲ. ಮದುವೆಗೂ ಶವಸಂಸ್ಕಾರಕ್ಕೂ 20 ಜನ ಮಾತ್ರ ಸೇರಬಹುದಿತ್ತು.

ಅಂಗಡಿಗೆ ಹೋಗುವವರಿಗೆ ಮೂರು ದಾರಿಗಳಲ್ಲಿ ಒಂದು ಬೇಕಿತ್ತು. ಲಸಿಕೆಯ ಒಂದು ಡೋಸ್ ಹಾಕಿಸಿ ಎರಡು ವಾರ ಆಗಿರಬೇಕಿತ್ತು. ಇಲ್ಲವೇ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಇರಬೇಕಿತ್ತು. ಇಲ್ಲವೇ ಕೋವಿಡ್ ಬಂದು ಒಂದು ತಿಂಗಳು ಕಳೆದಿರಬೇಕಿತ್ತು. ಮೂರರಲ್ಲಿ ಒಂದು ಸಾಕಿತ್ತು, ಮೂರೂ ಬೇಕಾಗಿರಲಿಲ್ಲ. ಮನೆಯಲ್ಲಿ ಯಾರಿಗೂ ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಆರ್‌ಆರ್‌ಟಿಗೆ ಫೋನ್ ಮಾಡಿ, ಅಕ್ಕಿ ಬೇಳೆ ತರಿಸಿಕೊಳ್ಳಬಹುದಿತ್ತು.

ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ನಮ್ಮ ಪಂಚಾಯತಿನ ಅಂಕಿ ಹತ್ತರ ಕೆಳಗೆ ಇತ್ತು. ಹಾಲು ಅವಶ್ಯ ವಸ್ತು. ಅವರು ಮಾಸ್ಕ್ ಹಾಕಿ ಕ್ಯಾನು ಎತ್ತಿಕೊಂಡು ಹೊರಟರು.

ದಾರಿ ತಪ್ಪಿಸುವ ಮಲಯಾಳ ಪದಗಳು

ನನಗೆ ಅತಿ ಮುಖ್ಯ ಅನಿಸುವುದು ಈ ಭಾಗ. ಕನ್ನಡಕ್ಕೂ ಮಲಯಾಳಕ್ಕೂ ಸಂಸ್ಕೃತದ ಪದಗಳು ಒಂದೇ ಇದ್ದರೂ ಅರ್ಥ ಬೇರೆ ಇರುತ್ತದೆ. ಗೊತ್ತಿಲ್ಲದ ಪದವನ್ನು ನಾವು ಯಾರ ಹತ್ತಿರವಾದರೂ ಕೇಳುತ್ತೇವೆ. ಗೊತ್ತು ಅಂತ ಅಂದುಕೊಂಡ ಪದವನ್ನು ಕೇಳುವುದಿಲ್ಲ. ಅಪಾಯ ಇರುವುದು ಅಲ್ಲೇ.

‘ನಿರೀಕ್ಷಣಂ’ ಎಂಬ ಪದವನ್ನೇ ನೋಡಿ. ಕನ್ನಡದಲ್ಲಿ ನಿರೀಕ್ಷೆ ಅಂದರೆ ಕಾಯುವುದು. ಮಲಯಾಳದಲ್ಲಿ ನಿರೀಕ್ಷಣಂ ಅಂದರೆ ಕಣ್ಣಿಟ್ಟು ನೋಡುವುದು, ನಿಗಾ. ‘ನಿರೀಕ್ಷಣತ್ತಿಲ್’ ಇರುವವರು ಅಂದರೆ ಕ್ವಾರಂಟೈನಿನಲ್ಲಿ ಇರುವವರು, ಮನೆಯಿಂದ ಹೊರಗೆ ಬರಬಾರದವರು. ನನ್ನ ಪರಿಚಯದ ಒಬ್ಬರು ಅದನ್ನು "ರಿಪೋರ್ಟ್ ಬರುವುದನ್ನು ಕಾಯುತ್ತಿದ್ದಾರೆ" ಎಂದು ತಿಳಿದು ಎರಡು ದಿನ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೋದರು. ಅವರ ತಪ್ಪು ಏನೂ ಇಲ್ಲ. ಅವರಿಗೆ ಗೊತ್ತಿದ್ದ ಅರ್ಥ ಅದು.

‘ಕರ್ಶನಂ’ ಅಂದರೆ ಕಟ್ಟುನಿಟ್ಟು. ‘ಅವಶ್ಯಸಾಧನಂ’ ಅಂದರೆ ಬೇಕೇ ಬೇಕಾದ ಸಾಮಾನು. ನಮ್ಮಲ್ಲಿ ಸಾಧನ ಅಂದರೆ ಉಪಕರಣ, ಅವರಲ್ಲಿ ಯಾವುದೇ ವಸ್ತು. ‘ಇಳವು’ ಅಂದರೆ ಸಡಿಲಿಕೆ, ರಿಯಾಯಿತಿ. ಇದು ಕಂಡರೆ ಸ್ವಲ್ಪ ಉಸಿರು ಬಿಡಬಹುದು. ‘ಅಡಚ್ಚಿಡಲ್’ ಅಂದರೆ ಮುಚ್ಚಿಡುವುದು, ಲಾಕ್‌ಡೌನ್. ‘ವ್ಯಾಪನಂ’ ಹರಡುವುದು. ‘ಸಂಪರ್ಕಂ’ ಕೂಡ ಫೋನಿನ ಸಂಪರ್ಕ ಅಲ್ಲ, ರೋಗಿಯ ಹತ್ತಿರ ಇದ್ದದ್ದು. ‘ಅರಿಯಿಪ್ಪು’ ಅಂದರೆ ಪ್ರಕಟಣೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಕ್ವಾರಂಟೈನೂ ಐಸೊಲೇಶನೂ ಒಂದೇ ಅಲ್ಲ

ಹೊಸ ದನ ತಂದರೆ ಕೆಲವು ದಿನ ಹಟ್ಟಿಯ ಹೊರಗೆ ಬೇರೆ ಕಟ್ಟುತ್ತೇವೆ. ಅದಕ್ಕೆ ರೋಗ ಇದೆ ಅಂತ ಅಲ್ಲ, ಇರಬಹುದು ಅಂತ. ಅದು ಕ್ವಾರಂಟೈನ್. ಕಾಯಿಲೆ ಬಂದದ್ದು ಗೊತ್ತಾದ ಮೇಲೆ ಬೇರೆ ಕಟ್ಟಿದರೆ ಅದು ಐಸೊಲೇಶನ್. ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಬೇಕಾಗಬಹುದು. ಕ್ವಾರಂಟೈನಿಗೆ 14 ದಿನ ಎಂದು ಆಗ ಹೇಳಿದ್ದು ಅದಕ್ಕೆ. ಮೂರನೇ ದಿನ ನೆಗೆಟಿವ್ ಬಂದರೂ ಹತ್ತನೇ ದಿನ ಪಾಸಿಟಿವ್ ಆಗಬಹುದು.

ಮನೆಯಲ್ಲಿ ಬೇರೆ ಕೋಣೆ, ಬೇರೆ ಬಚ್ಚಲು ಇಲ್ಲದವರು ಏನು ಮಾಡಬೇಕಿತ್ತು? ಅದಕ್ಕೇ ಪಂಚಾಯತು ‘ಡಿಸಿಸಿ’ (ಡೊಮಿಸಿಲಿಯರಿ ಕೇರ್ ಸೆಂಟರ್) ತೆರೆಯುತ್ತಿತ್ತು. ಹೆಚ್ಚಾಗಿ ಶಾಲೆ ಅಥವಾ ಹಾಲ್‌ನಲ್ಲಿ ಇರುತ್ತಿತ್ತು. ಅದು ಆಸ್ಪತ್ರೆ ಅಲ್ಲ, ಲಕ್ಷಣ ಇಲ್ಲದ ರೋಗಿಗಳು ಇರುವ ಜಾಗ. ಸ್ವಲ್ಪ ಲಕ್ಷಣ ಇದ್ದರೆ ‘ಸಿಎಫ್‌ಎಲ್‌ಟಿಸಿ’, ಅಂದರೆ ಕೋವಿಡಿನ ಮೊದಲ ಹಂತದ ಚಿಕಿತ್ಸಾ ಕೇಂದ್ರ, ಅಲ್ಲಿ ಡಾಕ್ಟರ್ ನರ್ಸ್ ಇರುತ್ತಿದ್ದರು. ಅದಕ್ಕಿಂತ ಜಾಸ್ತಿ ಆದರೆ ಕೋವಿಡ್ ಆಸ್ಪತ್ರೆ. ನಮ್ಮ ಕಡೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ 2020ರ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಚಟ್ಟಂಚಾಲ್ ಹತ್ತಿರ ತೆಕ್ಕಿಲಿನಲ್ಲಿ ಟಾಟಾದವರು ಕಟ್ಟಿಕೊಟ್ಟ ಆಸ್ಪತ್ರೆಯೂ ಇತ್ತು.

ಮನೆಯಲ್ಲೇ ಇರುವ ರೋಗಿಗಳ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಾ ಇರಿ. 94ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ. ‘ದಿಶಾ’ ಸಹಾಯವಾಣಿ 1056, ಆಂಬುಲೆನ್ಸ್ 108.

ತಲಪ್ಪಾಡಿ ದಾಟುವವರಿಗೆ

ನಮ್ಮ ಪಂಚಾಯತಿನ ಪ್ರಕಟಣೆ ತಲಪ್ಪಾಡಿಯವರೆಗೆ ಮಾತ್ರ. ಆಚೆ ಕರ್ನಾಟಕದ ಆದೇಶ ನಡೆಯುತ್ತದೆ. ಇಲ್ಲಿ ಇಳವು ಬಂದರೆ ಅಲ್ಲಿಯೂ ಬಂತು ಎಂದು ಅರ್ಥ ಅಲ್ಲ. 2021ರ ಆಗಸ್ಟಿನಲ್ಲಿ ಕೇರಳದಿಂದ ಹೋಗುವವರಿಗೆ ಎರಡು ಡೋಸ್ ಆಗಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಬೇಕಿತ್ತು. ಮನೆಯಲ್ಲಿ ಸಾವು ಆಗಿದ್ದರೆ, ತುರ್ತು ಚಿಕಿತ್ಸೆ ಬೇಕಿದ್ದರೆ ವಿನಾಯಿತಿ ಇತ್ತು. ಅಂಥವರು ಅಲ್ಲಿಗೆ ತಲುಪಿದಾಗ ಗಂಟಲ ದ್ರವ ತೆಗೆಯುತ್ತಿದ್ದರು.

ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ನಮಗೆ 2020ರ ಮಾರ್ಚ್ ಮರೆಯುವಂಥದ್ದಲ್ಲ. ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದಿದ್ದರು, ಆಂಬುಲೆನ್ಸುಗಳು ಹಿಂದೆ ಬರುತ್ತಿದ್ದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಕ್ರಮ ಒಪ್ಪಂದವಾಯಿತೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಅಷ್ಟರೊಳಗೆ ಚಿಕಿತ್ಸೆ ಸಿಗದೆ ತೀರಿಹೋದವರು ನಮ್ಮವರೇ. ಆದ್ದರಿಂದ ಡಯಾಲಿಸಿಸ್, ಕ್ಯಾನ್ಸರ್, ಹೆರಿಗೆ ಇರುವ ಮನೆಯವರು ಆಸ್ಪತ್ರೆಯ ಚೀಟಿ, ಹಿಂದಿನ ದಾಖಲೆ ಒಂದು ಚೀಲದಲ್ಲಿ ಹಾಕಿ ಇಟ್ಟಿರಬೇಕಿತ್ತು. ಹೊರಡುವ ಹಿಂದಿನ ದಿನವೇ ವಾರ್ಡ್ ಮೆಂಬರಿಗೆ ತಿಳಿಸಬೇಕಿತ್ತು.

ಕನ್ನಡದಲ್ಲಿ ಕೇಳಬಹುದಾ?

ಕೇಳಬಹುದು. ಅದು ಯಾರ ದಯೆಯೂ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಬಗ್ಗೆ ಬೇರೆಯಾಗಿ ಹೇಳಿದೆ. ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ನಾವು ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿ ಕೂಡ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದು ಎನ್ನುತ್ತದೆ.

ದೊಡ್ಡ ಅರ್ಜಿ ಬೇಕಾಗಿಲ್ಲ. ಪಂಚಾಯತು ಕಾರ್ಯದರ್ಶಿಯವರಿಗೆ ಒಂದು ಹಾಳೆಯಲ್ಲಿ ಇಷ್ಟು ಬರೆದರೆ ಸಾಕು: "ನಮ್ಮ ವಾರ್ಡಿನಲ್ಲಿ ಕನ್ನಡ ಮಾತ್ರ ಓದಬಲ್ಲವರು ಇದ್ದಾರೆ. ಪ್ರಕಟಣೆಗಳನ್ನು ಕನ್ನಡದಲ್ಲೂ ಕೊಡಬೇಕಾಗಿ ವಿನಂತಿ." ಕೆಳಗೆ ವಾರ್ಡಿನ ನಂಬರು, ಓದಲಾಗದವರ ಮನೆ ಎಷ್ಟು ಎಂಬ ಲೆಕ್ಕ, ಸಹಿ. ಒಬ್ಬರ ಬದಲು ಹತ್ತು ಮನೆಯವರು ಸಹಿ ಹಾಕಿದರೆ ಒಳ್ಳೆಯದು. ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿ ನಿಮ್ಮಲ್ಲಿ ಇಟ್ಟುಕೊಳ್ಳಿ.

ಉತ್ತರ ಬರುವವರೆಗೆ ಸುಮ್ನೆ ಕೂರಬೇಕಾಗಿಲ್ಲ. ನಮ್ಮ ವಾರ್ಡಿನ ಆರ್‌ಆರ್‌ಟಿಯ ಇಬ್ಬರು ಹುಡುಗರು ಆ ವಾರದಿಂದ ಒಂದು ಕೆಲಸ ಶುರು ಮಾಡಿದರು. ಬುಧವಾರದ ಅಂಕಿ ಬಂದ ಕೂಡಲೇ ಪ್ರಕಟಣೆಯನ್ನು ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ತುಳುವಿನಲ್ಲಿ ಓದಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಎರಡೂ ಸಂದೇಶಗಳು ಮೂರು ನಿಮಿಷದೊಳಗೆ ಮುಗಿಯುತ್ತಿದ್ದವು. ಸ್ಮಾರ್ಟ್‌ಫೋನ್ ಇಲ್ಲದ ಹನ್ನೊಂದು ಮನೆಗಳಿಗೆ ಆಶಾ ಕಾರ್ಯಕರ್ತೆ ಫೋನ್ ಮಾಡಿ ಕೇಳಿಸುತ್ತಿದ್ದರು. ಪಕ್ಕದ ಮನೆಯ ಅಜ್ಜಿಯ ನಂಬರು ಆ ಪಟ್ಟಿಯಲ್ಲಿ ನಾಲ್ಕನೆಯದು.